ಸಂಗಪ್ಪನ ರೇಡಿಯೊ ಲೈಸೆನ್ಸು

“ಇನ್ನೊಂಚೂರು ಮ್ಯಾಲೆ ಜಗ್ಗ್ರಿ. ಕುತ್ತಿಗಿ ವಾಲಾಕ್ಹತ್ತೈತಿ,” ಎಂದರು ಶವಸಂಸ್ಕಾರಕ್ಕೆ ಬಂದ ಅಯ್ಯನವರು.

ಬಸವಂತಪ್ಪ ಬಿಳಿಯ ಪಟ್ಟಿಯನ್ನು ಸಂಗಪ್ಪನ ಗದ್ದದ ಕೆಳಗಿನಿಂದ ತಂದು, ತಲೆಯ ಹಿಂದೆ ಮೇಲಕ್ಕೆಳೆದು, ಗೋಡೆಯ ಕೊಂಡಿಗೆ ಬಿಗಿದ. ಲಿಂಗಾಯತರ ಹೆಣ ಮಲಗಿ ಹೋಗುವುದಿಲ್ಲ, ಕೂತೇ ಹೋಗಬೇಕು. ಕುರ್ಲಾದ ಆ ಚಾಳಿನ ಖೋಲಿಯಲ್ಲಿ ಹೆಣದ ಭಾರ ತಡೆಯುವಂಥ ಕೊಂಡಿ ಇದ್ದದ್ದು ಒಂದೇ. ಅದು ರೇಡಿಯೊ ಇಟ್ಟ ಹಲಗೆಯದು. ಹೀಗಾಗಿ ಸಂಗಪ್ಪ ಮೈತುಂಬ ವಿಭೂತಿ ಬಳಿಸಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು, ರೇಡಿಯೊದ ಹಲಗೆಗೆ ತಲೆ ಆನಿಸಿ ಕುಳಿತ. ಬಾಗಿಲಲ್ಲಿ ನಿಂತು ನೋಡಿದವರಿಗೆ ಮನುಷ್ಯ ಸುದ್ದಿ ಕೇಳುತ್ತಿದ್ದಾನೆ ಅನ್ನಿಸಬೇಕು.

ಕೇಳುವ ಭಾಗ್ಯ ಅವನಿಗೆ ಬದುಕಿದ್ದಾಗಲೇ ಇರಲಿಲ್ಲ. ಮಿಲ್ಲಿನ ಮಗ್ಗದ ಖಾತೆಯ ಸದ್ದು ಅವನ ಎರಡೂ ಕಿವಿಗಳನ್ನು ಎಂದೋ ತಿಂದು ತೇಗಿತ್ತು.

ಪಕ್ಕದ ಖೋಲಿಯ ಶರಣವ್ವ ಹತ್ತಿಯನ್ನು ಹಿಂಜಿ ಹೆಣದ ಮೂಗಿಗಿಟ್ಟಳು. ಕಿವಿಗೂ ಇಡಲು ಹೋದಾಗ ಸಂಗಪ್ಪನ ಹೆಂಡತಿ ರುದ್ರವ್ವ ಅವಳ ಕೈ ಹಿಡಿದಳು.

“ಕಿವಿಗೆ ಬ್ಯಾಡವಾ. ಅವು ಮೊದಲ ಮುಚ್ಚ್ಯಾವ.”

“ಪದ್ಧತಿ ಐತೆವಾ ತಂಗಿ.”

“ಇರಲಿ ಬಿಡು,” ಎಂದು ರುದ್ರವ್ವ ಉಳಿದ ಹತ್ತಿಯನ್ನು ಇಸಿದುಕೊಂಡು ಟೊಂಕಕ್ಕೆ ಸಿಕ್ಕಿಸಿದಳು. ಎಲ್ಲಿಡಬೇಕೆಂದು ತಿಳಿಯದೆ ಸಿಕ್ಕಿಸಿದ್ದು, ಅಷ್ಟೇ.

ಗಂಡನಿಗೆ ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಹಿಂದಿನ ರಾತ್ರಿ ಜೀವ ಹೋದ ಕೂಡಲೇ ಬಿಜಾಪುರದಲ್ಲಿದ್ದ ತನ್ನ ಅಣ್ಣ ಮುರಿಗೆಪ್ಪನಿಗೆ ಅವಳು ತಂತಿ ಕೊಡಿಸಿದ್ದಳು. ಅವನ ಗಾಡಿ ಬರುವುದು ಸಂಜೆಗೆ; ಅಲ್ಲಿಯವರೆಗೆ ಹೆಣ ಇಡುವ ಹಾಗಿಲ್ಲ ಎಂದು ಅಯ್ಯನವರು ಹೇಳಿಬಿಟ್ಟಿದ್ದರು. ರುದ್ರವ್ವ ಅದಕ್ಕೆ ಒಪ್ಪಿದ್ದಳು. ಅಣ್ಣ ಸತ್ತವನ ಮುಖ ನೋಡದಿದ್ದರೂ ಸರಿ, ಉಳಿದವಳನ್ನು ಕರೆದುಕೊಂಡು ಹೋದರೆ ಸಾಕು. ಬೆಳಗಿನ ಜಾವವೇ ಎರಡು ಸೀರೆ, ಒಂದು ತಂಬಿಗೆ ಸುತ್ತಿ ಗಂಟು ಕಟ್ಟಿ ಬಾಗಿಲ ಮೂಲೆಯಲ್ಲಿಟ್ಟಿದ್ದಳು. ಗಂಡನ ಮೈ ಆರುವ ಮೊದಲೇ ಗಂಟು ಕಟ್ಟಿದಳು ಎಂದು ನಲ್ಲಿಯ ಹತ್ತಿರ ಹೆಂಗಸರು ಗುಸುಗುಸು ಮಾಡಿದರು. ಮಾಡಿಕೊಳ್ಳಲಿ. ಆ ರೇಡಿಯೊ ಪೆಟ್ಟಿಗೆಯ ಕೆಳಗೆ ಇನ್ನೊಂದು ರಾತ್ರಿ ಮಲಗಲಾರೆ ಅನ್ನುವುದೊಂದೇ ಅವಳಿಗೆ ಖಚಿತವಾಗಿ ಗೊತ್ತಿತ್ತು.

ಬಸವಂತಪ್ಪನ ಕಣ್ಣು ಗಂಟಿನ ಮೇಲೆ ಬಿತ್ತು. ಧಾರವಾಡದ ಕಡೆಯವನು, ಕೋಟೆ ಭಾಗದ ಒಂದು ವ್ಯಾಪಾರಿ ಪೇಢಿಯಲ್ಲಿ ಗುಮಾಸ್ತ. ಚಾಳಿಗೆಲ್ಲ ಇಂಗ್ಲಿಷ್ ಬಲ್ಲವನು ಅವನೊಬ್ಬನೇ ಆದ್ದರಿಂದ ಚಾಳಿಗೆಲ್ಲ ಹಿರಿಯ.

“ವೈನಿ, ಊರಿಗೆ ಹೊಂಟಂಗೈತಿ?”

“ಹೂಂನ್ರಿ. ಅಣ್ಣ ಬರ್ತಾನ, ಅವನ ಜೋಡಿ ಹೋಗ್ತೀನಿ.”

“ಹೋಗುವಂತ್ರಿ, ಯಾರು ಬ್ಯಾಡಂತಾರ? ಅದಕ್ಕೂ ಮೊದಲ ಒಂದು ಸಣ್ಣ ಕೆಲಸ ಐತಿ,” ಎಂದು ಅವನು ಕೋಟಿನ ಕಿಸೆಯಿಂದ ಮಡಿಚಿದ ಕಾಗದ ತೆಗೆದ. ಬೆಳಿಗ್ಗೆ ಹೂವು ತರುತ್ತೇನೆಂದು ಹೋದವನು ಮೊದಲು ಪೋಸ್ಟಾಫೀಸಿನ ಬಾಗಿಲು ತೆರೆಯುವುದನ್ನೇ ಕಾದು ಫಾರ್ಮು ತಂದಿದ್ದ. ಹೂವು ಆಮೇಲೆ ಬಂತು.

“ಸಂಗಣ್ಣ ಲಿಂಗೈಕ್ಯ ಆದ. ಅವನ ಜೋಡಿ ಲೈಸೆನ್ಸೂ ಹೋತು. ಈಗ ಇನ್‌ಸ್ಪೆಕ್ಟರ್ ಬಂದ್ರ ಪೆಟಿಗಿ ಎತ್ತಿಕೊಂಡು ಹೋಗ್ತಾನ. ವಾರಸದಾರರ ಹೆಸರಿಗೆ ಮಾಡಬೇಕು. ವಾರಸದಾರರು ಅಂದ್ರ ನೀವು.”

“ನಿಮ್ಮ ಹೆಸರಿಗೇ ಮಾಡ್ಕೋರಿ ಬಸವಂತಣ್ಣ. ಪೆಟಿಗಿ ನಿಮ್ಮೆಲ್ಲಾರದು.”

“ಅಲ್ಲಲ್ಲ. ಅದು ಸಂಗಣ್ಣಂದು ಅಂತ ಸರಕಾರಕ್ಕ ನಾನ ಬರದು ಕೊಟ್ಟೀನಿ. ಈಗ ನಂದು ಅಂದ್ರ, ಇಷ್ಟು ವರ್ಷ ಸುಳ್ಳು ಹೇಳಿದ್ರೇನು ಅಂತ ನನ್ನ ಹಿಡೀತಾರ.”

“ಹೆಬ್ಬೆಟ್ಟು ಒತ್ತಿ ಊರಿಗೆ ಹೋಗಬಹುದೇನ್ರಿ?”

ಬಸವಂತಪ್ಪ ಕಾಗದದ ಮಡಿಕೆ ಬಿಚ್ಚಿದ. “ಪೆಟಿಗಿ ಯಾವ ಖೋಲ್ಯಾಗ ಐತೋ, ಹೆಸರಿದ್ದವರು ಆ ಖೋಲ್ಯಾಗ ಇರಬೇಕಾಗ್ತೈತಿ ವೈನಿ. ಅವರು ಬಂದು ಕೇಳಿದಾಗ ಯಾರರೆ ಒಬ್ಬರು ಹೊರಗ ಬರಬೇಕಲ್ಲ.”

*

ರೇಡಿಯೊ ಚಾಳಿಗೆ ಬಂದಾಗಲೂ ಮಾತು ಇಷ್ಟೇ ಮೆದುವಾಗಿತ್ತು. ಎಲ್ಲರೂ ಸೇರಿ ಚೋರ್ ಬಜಾರಿನಿಂದ ಹಳೆಯ ಪೆಟ್ಟಿಗೆ ಹೊತ್ತು ತಂದರು. ತಂದ ಮೇಲೆ ಗೊತ್ತಾಯಿತು, ಅದನ್ನು ಇಟ್ಟುಕೊಳ್ಳಲು ಸರಕಾರದ ಅಪ್ಪಣೆ ಬೇಕು, ಅಪ್ಪಣೆ ಒಬ್ಬನೇ ಮನುಷ್ಯನ ಹೆಸರಿಗೆ, ಒಂದೇ ಖೋಲಿಯ ವಿಳಾಸಕ್ಕೆ, ವರ್ಷಾ ವರ್ಷಾ ಪೋಸ್ಟಾಫೀಸಿನಲ್ಲಿ ಸಾಲು ನಿಂತು ಹೊಸದು ಮಾಡಿಸಬೇಕು ಎಂದು. ತಪ್ಪಿದರೆ ಕೋರ್ಟು. ಹಾಡು ಕೇಳಲು ಎಲ್ಲರಿಗೂ ಕಿವಿಯಿತ್ತು. ಸರಕಾರದ ಬುಕ್ಕಿನಲ್ಲಿ ಇಡಲು ಒಬ್ಬರಿಗೂ ಹೆಸರಿರಲಿಲ್ಲ. ಬಸವಂತಪ್ಪನಿಗೆ ಪೇಢಿಯ ಸೇಠನ ಭಯ. ಕೆಳಗಡೆ ಹೋಟೆಲ್ಲಿಟ್ಟ ಉಡುಪಿಯ ಶೇಖರನಿಗೆ, ಹೋಟೆಲ್ಲಿನ ರೇಡಿಯೊ ಅಂದುಕೊಂಡು ಹೆಚ್ಚಿನ ದುಡ್ಡಿನ ಲೈಸೆನ್ಸು ಕೇಳಿಯಾರು ಎಂಬ ಭಯ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೇ ಜಾಣತನ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಕಂಡವರ ಮಗ ಸಿಕ್ಕೇ ಇದ್ದ. ಸಂಗಪ್ಪನಿಗೆ ಕಿವಿ ಹೋದ ಮೇಲೆ ಬಾಯಲ್ಲಿ ಉಳಿದದ್ದು ಒಂದೇ ಮಾತು. ಯಾರು ಏನು ಹೇಳಿದರೂ ಅವರ ತುಟಿ ನಿಲ್ಲುವ ತನಕ ಕಾದು, ತಲೆಯಾಡಿಸಿ, “ಹೌದ್ರೀ” ಅನ್ನುತ್ತಿದ್ದ. ಕೆಪ್ಪನೆಂದು ತಿಳಿದರೆ ಜನ ಬೇಸರಪಡುತ್ತಾರೆ. ಒಪ್ಪಿಬಿಟ್ಟರೆ ಯಾರಿಗೂ ಬೇಸರವಿಲ್ಲ. ಆ ಒಂದು ಮಾತಿನಿಂದ ಅವನು ಚಾಳಿಗೆಲ್ಲ ಬೇಕಾದವನಾಗಿದ್ದ. ಬಸವಂತಪ್ಪ ಫಾರ್ಮು ತುಂಬಿ ಮುಂದೆ ಹಿಡಿದಾಗಲೂ ಹೌದ್ರೀ ಎಂದ, ಹೆಬ್ಬೆಟ್ಟು ಒತ್ತಿದ.

ರುದ್ರವ್ವನಿಗೆ ಮೊದಮೊದಲು ಸಿಟ್ಟು ಬಂದಿತ್ತು. ಆದರೆ ಅವನಿಗೆ ಆ ಲೈಸೆನ್ಸಿನ ಪುಸ್ತಕ ಬಂದ ದಿನದ ಮುಖ ಅವಳು ಮರೆಯುವಂತಿರಲಿಲ್ಲ. ತನ್ನ ಹೆಸರು ಬರೆದ ಕಾಗದವನ್ನು ಅವನು ಹುಟ್ಟಿದ ಮೇಲೆ ಕೈಯಲ್ಲಿ ಹಿಡಿದದ್ದು ಅದೇ ಮೊದಲು. ದೇವರ ಜಗಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕ ಇಟ್ಟ, ದಿನಾ ಕೈ ಮುಗಿದ. ಸಂಜೆ ಚಾಳಿನವರು ಖೋಲಿಯ ತುಂಬ ಕೂತು ಹಾಡು ಕೇಳುವಾಗ ಅವನು ಎದ್ದು ಹೋಗಿ ರೇಡಿಯೊದ ಮೈಮೇಲೆ ಅಂಗೈ ಇಡುತ್ತಿದ್ದ. ಮರದ ಪೆಟ್ಟಿಗೆ ಬೆಚ್ಚಗೆ ನಡುಗುತ್ತಿತ್ತು. ಉಳಿದವರು ನಕ್ಕಾಗ ನಗುತ್ತಿದ್ದ, ಒಂದು ಗಳಿಗೆ ತಡವಾಗಿ. ಆಗ ಅವನ ಮೇಲೆ ಅವಳಿಗೆ ತಡೆಯಲಾರದಷ್ಟು ಪ್ರೀತಿ ಬರುತ್ತಿತ್ತು. ಅದನ್ನು ಕೂಗಿ ಹೇಳಿದರೂ ಅವನಿಗೆ ಕೇಳುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ.

*

ಮಧ್ಯಾಹ್ನ ಇಳಿಯಿತು. ಕೆಳಗೆ ಚೌಕದಲ್ಲಿ ಬಿದಿರಿನ ವಿಮಾನ ಸಿದ್ಧವಾಯಿತು. ಬಾಳೆಕಂಬ ಕಟ್ಟಿ, ಬಣ್ಣದ ಕಾಗದ ಹಚ್ಚಿ, ಸತ್ತವನನ್ನು ಕೂರಿಸಿ ಹೊರುವ ಮಂಟಪ ಅದು. ಎಂಟು ಹೆಗಲು ಬೇಕು. ಎಂಟು ಹೆಗಲು ಅಲ್ಲೇ ಇದ್ದವು. ಗ್ಯಾಲರಿಯ ಕಟ್ಟೆಗೆ ಒರಗಿ ಬೀಡಿ ಸೇದುತ್ತಿದ್ದವು.

ಅಯ್ಯನವರು ಸತ್ತವನ ತಲೆಯ ಮೇಲೆ ಪಾದ ಇಟ್ಟು ಮಂತ್ರ ಮುಗಿಸಿದರು. “ಹೂಂ, ಎತ್ತ್ರಪಾ ಇನ್ನ,” ಎಂದರು.

ಯಾರೂ ಏಳಲಿಲ್ಲ.

ಶೇಖರ ಚಹದ ಕಿಟ್ಲಿ ಹಿಡಿದು ಮೇಲೆ ಬಂದ. “ಅಕ್ಕ, ಅರ್ಧ ಲೋಟ ಚಾ ಕುಡೀರಿ. ಬೆಳಿಗ್ಗೆಯಿಂದ ಎಂಥದೂ ತಗೊಳ್ಳಲಿಲ್ಲ ನೀವು.”

“ಯಾಕ ಏಳವಲ್ಲರು ಶೇಖರಣ್ಣ?” ರುದ್ರವ್ವ ಕೇಳಿದಳು.

ಶೇಖರ ಬಸವಂತಪ್ಪನ ಮುಖ ನೋಡಿದ. “ಎಂಥ ಹೇಳುದು ಅಕ್ಕ. ಜನಕ್ಕೆ ಮನಸ್ಸಿಗೆ ಸಮಾಧಾನ ಇಲ್ಲ. ನೀವು ಸಂಜೆ ಅಣ್ಣನ ಒಟ್ಟಿಗೆ ಹೋದರೆ ಆ ರೇಡಿಯೊ ಏನಾಗ್ತದೆ? ಎರಡು ಗಲ್ಲಿ ಆಚೆ ನಿನ್ನೆ ಇನ್‌ಸ್ಪೆಕ್ಟರ್ ಬಂದಿದ್ದನಂತೆ. ಸಂಗಪ್ಪಣ್ಣನೇ ನಡೆಸಿಕೊಂಡು ಬಂದದ್ದು. ಅವರ ಹೆಸರು ಉಳಿಲಿ ಅಂತ, ಅಷ್ಟೇ.”

“ಹೆಣದ ಮುಂದ ಇದನ್ನ ಮಾತಾಡ್ತೀರೇನ್ರಿ?”

“ಯಾರೂ ಜುಲುಮೆ ಮಾಡೂದಿಲ್ಲ ವೈನಿ,” ಎಂದ ಬಸವಂತಪ್ಪ. “ನೀವು ಒಲ್ಲೆ ಅಂದ್ರ ಬಿಟ್ಟೇ ಬಿಡ್ತೀವಿ. ಆದರ ಹೊರಾಕ ಬಂದ ಮಂದಿ. ಇವತ್ತಿನ ಪಗಾರ ಬಿಟ್ಟು ಬಂದಾರ. ಅವರು ಒಂದು ಮಾತು ಕೇಳಿದ್ರ ನಾನು ಏನಂತ ಹೇಳಲಿ?”

ಅವನು ಫಾರ್ಮನ್ನು ಸಂಗಪ್ಪನ ಮಡಿಲ ಮೇಲೆ, ಬಿಲ್ವಪತ್ರೆಯ ಪಕ್ಕದಲ್ಲಿ ಹರಡಿದ. ಕೋಣೆಯಲ್ಲಿ ಬೇರೆ ಸಮತಟ್ಟಾದ ಜಾಗ ಇರಲಿಲ್ಲವೆಂದಲ್ಲ.

*

ಇನ್‌ಸ್ಪೆಕ್ಟರ್ ಅಂದರೆ ಏನೆಂದು ಈ ಮಂದಿಗಿಂತ ರುದ್ರವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ವರ್ಷ ಗಣಪತಿ ಹಬ್ಬದಲ್ಲಿ ಚಾಳಿನವರು ರೇಡಿಯೊಕ್ಕೆ ತಂತಿ ಎಳೆದು ಚೌಕದಲ್ಲಿ ಲೌಡ್‌ಸ್ಪೀಕರ್ ಕಟ್ಟಿದರು. ಮನೆಯ ಲೈಸೆನ್ಸಿನಲ್ಲಿ ಬೀದಿಗೆ ಹಾಡು ಕೇಳಿಸುವ ಹಾಗಿಲ್ಲ. ಯಾರೋ ಚಾಡಿ ಹೇಳಿರಬೇಕು, ಸಾಹೇಬ ಬಂದ. ರುದ್ರವ್ವ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತಿ ಬರುವಾಗ ಗ್ಯಾಲರಿಯಲ್ಲಿ ಜನ ತುಂಬಿತ್ತು. ನಡುವೆ ಸಂಗಪ್ಪ, ಕೈಕಟ್ಟಿ.

“ಯೇ ರೇಡಿಯೊ ತುಮ್ಹಾರಾ ಹೈ?”

“ಹೌದ್ರೀ.”

“ಲೌಡ್‌ಸ್ಪೀಕರ್ ತುಮ್‌ನೇ ಲಗಾಯಾ?”

“ಹೌದ್ರೀ.”

“ಮನಾ ಹೈ, ಮಾಲೂಮ್ ಥಾ?” ಹಾಗೆ ಮಾಡುವಂತಿಲ್ಲವೆಂದು ಗೊತ್ತಿತ್ತೇ ಎಂದು ಸಾಹೇಬ ಕೇಳಿದ.

ಸಂಗಪ್ಪ ಸಾಹೇಬನ ತುಟಿ ನಿಲ್ಲುವ ತನಕ ಕಾದ. ಇಷ್ಟೊಂದು ಜನರ ಮುಂದೆ ಸರಕಾರದವರು ತನ್ನೊಬ್ಬನನ್ನೇ ಮಾತನಾಡಿಸುತ್ತಿದ್ದಾರೆಂದು ಅವನ ಮುಖ ಅರಳಿತ್ತು. “ಹೌದ್ರೀ ಸಾಹೇಬ್ರ,” ಎಂದು ತಲೆಯಾಡಿಸಿದ. ಸಾಹೇಬ ಬರೆದುಕೊಂಡ. ಬಸವಂತಪ್ಪ ಅಲ್ಲೇ ಇದ್ದ. ಶೇಖರ ಇದ್ದ. ಈ ಮನುಷ್ಯನಿಗೆ ಕಿವಿ ಕೇಳುವುದಿಲ್ಲ ಎಂಬ ಒಂದು ಮಾತು ಅಲ್ಲಿದ್ದ ಯಾರ ಬಾಯಿಂದಲೂ ಬೀಳಲಿಲ್ಲ. ರುದ್ರವ್ವ ಕೊಡ ಎತ್ತಿ ಹಾಕಿ ಓಡುವಷ್ಟರಲ್ಲಿ ಹೆಬ್ಬೆಟ್ಟು ಬಿದ್ದಾಗಿತ್ತು.

ಕೋರ್ಟಿನಲ್ಲೂ ಅದೇ ಮಾತು. ತಾನು ಒಮ್ಮೆಯೂ ಕೇಳದ ಹಾಡಿಗೆ ಅವನು ದಂಡ ತೆತ್ತ. ಕೋರ್ಟಿಗೆ ಅಲೆದು ಪಾಳಿ ತಪ್ಪಿಸಿದ್ದಕ್ಕೆ ಮಿಲ್ಲಿನಲ್ಲಿ ಅವನ ಮಗ್ಗವನ್ನು ಬದಲಿಯವನಿಗೆ ಕೊಟ್ಟರು. ಶೇಖರ ದೊಡ್ಡ ಮನಸ್ಸು ಮಾಡಿ ಹೋಟೆಲ್ಲಿನ ಹಿಂದೆ ಕಪ್ಪು ತೊಳೆಯುವ ಕೆಲಸ ಕೊಟ್ಟ. ಸಂಜೆ ಮಾತ್ರ ಎಲ್ಲರೂ ಎಂದಿನಂತೆ ಬಂದು ಖೋಲಿಯಲ್ಲಿ ಕೂತರು, ರೇಡಿಯೊ ಹಾಡಿತು.

ಮಳೆಗಾಲ ಹೋದ ಮೇಲೆ ಕ್ರಿಕೆಟ್ಟು ಬಂತು. ಅದೇ ಹೊತ್ತಿಗೆ ಛಾವಣಿಯ ಮೇಲಿನ ಏರಿಯಲ್ ತಂತಿಯನ್ನು ಕಾಗೆಗಳು ಹರಿದವು. ಲೈಸೆನ್ಸಿದ್ದವನನ್ನು ಬಿಟ್ಟು ಬೇರೆಯವರು ಏರಿಯಲ್ ಮುಟ್ಟಬಾರದು, ಕಾನೂನು ಇದೆ ಎಂದ ಬಸವಂತಪ್ಪ. ಅಂಥ ಕಾನೂನು ಯಾವ ಬುಕ್ಕಿನಲ್ಲೂ ಇರಲಿಲ್ಲ. ಛಾವಣಿಯ ಹೆಂಚು ಹಳೆಯದಾಗಿತ್ತು, ಅಷ್ಟೇ. ಸಂಗಪ್ಪ ಹತ್ತಿದ. ಅವನು ತಂತಿ ಕಟ್ಟಿ ತಿರುಗುವಾಗ ಕಾಲ ಬುಡದ ಹೆಂಚು ಬಿರಿದದ್ದು ಕೆಳಗಿನವರಿಗೆ ಕಂಡಿತು. ಈ ಸಲ ಮಾತ್ರ ಎಲ್ಲರ ಬಾಯೂ ತೆರೆಯಿತು. “ಹಿಂದಕ್ಕ ಸರಿ, ಹಿಂದಕ್ಕ,” ಎಂದು ಕೂಗಿದರು. ಸಂಗಪ್ಪ ಕೆಳಗೆ ಬಗ್ಗಿ ನೋಡಿದ. ಅಷ್ಟೂ ಬಾಯಿಗಳು ಮುಚ್ಚುವ ತನಕ ಕಾದು, ನಕ್ಕು, ಹೌದ್ರೀ ಎಂದ. ಮುಂದಕ್ಕೆ ಹೆಜ್ಜೆ ಇಟ್ಟ.

ಸೊಂಟ ಮುರಿದು ತಿಂಗಳ ಮೇಲೆ ಮಲಗಿದ್ದ, ಇದೇ ಹಲಗೆಯ ಕೆಳಗೆ; ಜೀವ ಬಿಟ್ಟದ್ದೂ ಅಲ್ಲೇ. ಕಾಮೆಂಟರಿ ಕೇಳಲು ಬಂದವರು ಅವನ ಕಾಲು ತುಳಿಯದಂತೆ ಜಾಗ್ರತೆಯಿಂದ ದಾಟಿ ಕೂರುತ್ತಿದ್ದರು. ಅಷ್ಟು ಮರ್ಯಾದೆ ಇತ್ತು.

*

ಗ್ಯಾಲರಿಯಲ್ಲಿ ಬಿಸಿಲು ಕಟ್ಟೆ ದಾಟಿತು. ವಾಲುತ್ತಿದ್ದ ಕುತ್ತಿಗೆಯನ್ನು ಶರಣವ್ವ ಮತ್ತೆ ನೆಟ್ಟಗೆ ಮಾಡಿದಳು.

“ಅಣ್ಣ ಬರಲಿ. ಅವನನ್ನ ಕೇಳಿ ಒತ್ತೇನಿ,” ಎಂದಳು ರುದ್ರವ್ವ.

“ಹೊತ್ತು ಮುಳುಗಿದ ಮ್ಯಾಲೆ ಕುಣಿಗೆ ಇಳಸೂದಿಲ್ಲ ತಂಗಿ,” ಎಂದರು ಅಯ್ಯನವರು. ಅವರಿಗೆ ರೇಡಿಯೊದ ಗೊಡವೆ ಇರಲಿಲ್ಲ, ಮನೆಗೆ ಹೋಗುವ ಲೋಕಲ್ ಗಾಡಿಯ ಗೊಡವೆ ಇತ್ತು. “ನಾಳಿತನಕ ಇಟ್ಟರ ವಾಸನಿ ಹೊಡೀತೈತಿ. ಸತ್ತವನ ಗತಿ ನೋಡವಾ ಮೊದಲ.”

ರುದ್ರವ್ವ ಶರಣವ್ವನ ಕಡೆ ನೋಡಿದಳು. ಶರಣವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಒಂದು ಹೆಬ್ಬೆಟ್ಟವಾ. ನಿಮ್ಮನಿಯವರೂ ಒತ್ತಿದ್ದರಲ್ಲ,” ಎಂದಳು ಮೆಲ್ಲಗೆ. ಅವಳ ಗಂಡನೂ ಕಟ್ಟೆಗೆ ಒರಗಿದವರಲ್ಲಿ ಒಬ್ಬ.

ಶೇಖರ ಹೋಟೆಲ್ಲಿನ ಗಲ್ಲಾಪೆಟ್ಟಿಗೆಯಿಂದ ಶಾಯಿಯ ಡಬ್ಬಿ ಜೊತೆಗೆ ತಂದೇ ಇದ್ದ. ಬಸವಂತಪ್ಪ ಅವಳ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ, ಗಂಡನ ಮಡಿಲ ಮೇಲಿದ್ದ ಕಾಗದಕ್ಕೆ ಒತ್ತಿದ. ಹೆಣದ ತೊಡೆ ಕಲ್ಲಾಗಿತ್ತು. ಗುರುತು ಚೆನ್ನಾಗಿ ಮೂಡಿತು. ಅವಳು ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು.

ಎಂಟೂ ಹೆಗಲು ಒಟ್ಟಿಗೇ ಎದ್ದವು. ಅಷ್ಟು ಭಕ್ತಿಯಿಂದ ಆ ಚಾಳಿನಲ್ಲಿ ಯಾವ ಹೆಣವೂ ಎದ್ದಿರಲಿಲ್ಲ. ಸಂಗಪ್ಪ ಕೂತಲ್ಲೇ ತೂಗುತ್ತ, ತಲೆಯಾಡಿಸುತ್ತ ಮೆಟ್ಟಿಲಿಳಿದ. ರುದ್ರವ್ವ ಗಲ್ಲಿಯ ಕೊನೆಯ ತನಕ ಹೋದಳು. ರುದ್ರಭೂಮಿ ದೂರ, ಹೆಂಗಸರು ಇಲ್ಲಿಂದಲೇ ತಿರುಗಲಿ ಎಂದರು. ತಿರುಗಿದಳು.

*

ಹೊತ್ತು ಮುಳುಗುವ ವೇಳೆಗೆ ಮುರಿಗೆಪ್ಪ ಬಂದ. ಸ್ಟೇಷನ್ನಿನಿಂದ ದಾರಿ ಕೇಳುತ್ತ, ರುಮಾಲು ಕೈಯಲ್ಲಿ ಹಿಡಿದು ಬಂದವನು ತಂಗಿಯ ತಲೆಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತ. ರುದ್ರವ್ವ ಬೆಳಗಿನಿಂದ ಆಗ ಮೊದಲ ಸಲ ಅತ್ತಳು.

“ಹೋಗೂನು ನಡಿ ತಂಗಿ. ನಾಳಿನ ಗಾಡಿಗೇ ಹೋಗೂನು. ನಿನ್ನ ಇಲ್ಲಿ ಬಿಟ್ಟು ಹೋಗಾಂವಲ್ಲ ನಾ,” ಎಂದ ಮುರಿಗೆಪ್ಪ.

ಅವಳು ಶಾಯಿಯ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಣ್ಣ ಬಂದ, ಅಣ್ಣ ಹೇಳುತ್ತಾನೆ, ಕಾಗದ ಹರಿಯುತ್ತಾನೆ ಎಂದು ಧೈರ್ಯ ಬಂತು.

ಮಣ್ಣು ಕೊಟ್ಟವರು ಸ್ನಾನ ಮಾಡಿ ದೀಪ ನೋಡಲು ಬಂದರು. ಹೆಣ ಕೂತಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ನೋಡಿದವರು ಹೊರಡಬೇಕು, ಹೊರಡಲಿಲ್ಲ. ಒಬ್ಬೊಬ್ಬರಾಗಿ ಗೋಡೆಗೆ ಒರಗಿ ಕೂತರು. ಅಂದು ಬುಧವಾರ, ಸಿಲೋನ್ ಸ್ಟೇಷನ್ನಿನಲ್ಲಿ ಹಾಡಿನ ದಿನ.

“ಸುಮ್ಮನೆ ಕೂತ್ರ ಮನಸಿಗೆ ತ್ರಾಸ ಆಗ್ತೈತಿ,” ಎಂದು ಬಸವಂತಪ್ಪ ಎದ್ದ. “ಸಂಗಣ್ಣಗೂ ಇದು ಜೀವ ಆಗಿತ್ತು.” ಹಣತೆಯ ಮೇಲಿಂದ ಕೈ ಚಾಚಿ ಗುಂಡಿ ತಿರುಗಿಸಿದ.

ಪೆಟ್ಟಿಗೆಯ ಕಣ್ಣು ಹಸಿರಾಗಿ ಹೊತ್ತಿತು. ಮೊದಲು ಗೊರಗೊರ, ಆಮೇಲೆ ಹೆಣ್ಣು ದನಿ. ಮುರಿಗೆಪ್ಪ ರುಮಾಲಿನಿಂದ ಕಣ್ಣು ಒರೆಸುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

“ಆಹಾ, ಎಷ್ಟು ಸ್ವಚ್ಛ ಕೇಳ್ತೈತ್ರಿ. ನಮ್ಮ ಓಣ್ಯಾಗ ಒಂದೂ ಇಲ್ಲ. ಯಾರದ್ರಿ ಇದು?”

“ನಿಮ್ಮ ತಂಗೀದ ಈಗ. ಸರಕಾರದ ಲೈಸೆನ್ಸ್ ಅವರ ಹೆಸರಿನ್ಯಾಗ ಆಗಾಕ್ಹತ್ತೈತಿ.”

“ನಮ್ಮ ರುದ್ರವ್ವನ ಹೆಸರಿಗೆ? ಸರಕಾರದ್ದು?” ಮುರಿಗೆಪ್ಪ ತಂಗಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಶೇಖರ ಅವನಿಗೆ ಚಹ ಬಗ್ಗಿಸಿ, ಜಾಗ ಮಾಡಿ ರೇಡಿಯೊದ ಹತ್ತಿರ ಕೂರಿಸಿದ. ಬಸವಂತಪ್ಪ ಅವನ ಕಿವಿಯ ಬಳಿ ಬಗ್ಗಿ ಏನೇನೋ ಹೇಳಿದ; ಲೈಸೆನ್ಸು, ಖೋಲಿ, ಇಲ್ಲೇ ಇರಬೇಕಾಗ್ತೈತಿ ಎಂಬಷ್ಟು ರುದ್ರವ್ವನಿಗೆ ಕೇಳಿಸಿತು. ಮುರಿಗೆಪ್ಪ ಹೂಂಗುಟ್ಟಿದ. ಅವನ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತ್ತು.

ರುದ್ರವ್ವ ಬಾಗಿಲ ಮೂಲೆಯಿಂದ ಗಂಟನ್ನು ತಂದಳು. ಹಣತೆಯನ್ನು ಪಕ್ಕಕ್ಕೆ ಸರಿಸಿ, ಗಂಡ ಕೂತಿದ್ದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಗಂಟನ್ನು ಮಡಿಲಲ್ಲಿಟ್ಟುಕೊಂಡಳು. ಟೊಂಕದಿಂದ ಹತ್ತಿ ತೆಗೆದಳು. ಎರಡು ಪಾಲು ಮಾಡಿ, ಹೊಸೆದು, ಒಂದನ್ನು ಈ ಕಿವಿಗೆ, ಒಂದನ್ನು ಆ ಕಿವಿಗೆ ಒತ್ತಿ ಒತ್ತಿ ತುಂಬಿದಳು. ಹಾಡು ದೂರ ಹೋಯಿತು. ತಲೆಯ ಹಿಂದೆ ಹಲಗೆ ಬೆಚ್ಚಗೆ ನಡುಗುವುದಷ್ಟೇ ಉಳಿಯಿತು.

ಎದುರಿಗೆ ಅಣ್ಣ ಅವಳ ಕಡೆ ತಿರುಗಿ ಏನೋ ಕೇಳುತ್ತಿದ್ದ. ಖೋಲಿಯ ಕಡೆ ಕೈ ತೋರಿಸಿದ, ರೇಡಿಯೊದ ಕಡೆ ತೋರಿಸಿದ, ಮುಗುಳ್ನಕ್ಕ. ಉಳಿದವರೂ ಅವಳ ಕಡೆಯೇ ನೋಡಿದರು. ರುದ್ರವ್ವ ಅವನ ತುಟಿ ನಿಲ್ಲುವ ತನಕ ಕಾದಳು. ಹುಟ್ಟಿದ ಲಾಗಾಯ್ತು ಅಣ್ಣನಿಗೆ ಬಹುವಚನ ಹಚ್ಚದವಳು ತಲೆಯಾಡಿಸಿ, “ಹೌದ್ರೀ,” ಎಂದಳು.